ಮಗನ ಜಾಗದಲ್ಲೇ ಕೂತ ಅಪ್ಪ

‘ಮಿಲೇನಿಯಲ್’ ಎಂಬ ಪದ ಕನ್ನಡದಲ್ಲಿ ಇಂಗ್ಲಿಷ್ ಪತ್ರಿಕೆ ಓದುವವರನ್ನು ದಾಟಿ ಹೆಚ್ಚು ದೂರ ಬಂದಿಲ್ಲ. ಆ ವಯಸ್ಸಿನವರಿಗೆ ನಮ್ಮಲ್ಲಿ ಬಳಕೆಯಲ್ಲಿರುವ ಹೆಸರು ‘ನೈಂಟೀಸ್ ಕಿಡ್ಸ್’. ಶಕ್ತಿಮಾನ್ ನೋಡಿದವರು, ಲಗೋರಿ ಆಡಿದವರು, ಕ್ಯಾಸೆಟ್ಟಿನ ಟೇಪು ಹೊರಗೆ ಬಂದಾಗ ಪೆನ್ಸಿಲ್ ತೂರಿಸಿ ಸುತ್ತಿದವರು, ಬೂಮರ್ ಬಬಲ್ ಗಮ್ ಅಗಿದವರು. ಈ ಮಕ್ಕಳಿಗೆ ಈಗ ಮೂವತ್ತೈದು, ನಲವತ್ತು ವಯಸ್ಸು. ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಕೆಲವರಿಗೆ ಶುಗರ್ ಬಂದಿದೆ. ಆದರೂ ಹೆಸರಿನಲ್ಲಿ ಅವರು ‘ಕಿಡ್ಸ್’. ಅಮೆರಿಕದವರು ಕೊಟ್ಟ ಹೆಸರಲ್ಲಿ ಕನಿಷ್ಠ ಒಂದು ಸಹಸ್ರಮಾನವಾದರೂ ಇದೆ. ನಾವೇ ಇಟ್ಟುಕೊಂಡ ಹೆಸರಲ್ಲಿ ನಾವು ಬೆಳೆದೇ ಇಲ್ಲ.

ಈ ಹೆಸರು ಹೊತ್ತ ತಂದೆತಾಯಂದಿರ ಒಂದು ಸಿದ್ಧಮಾದರಿ ಈಗ ಎಲ್ಲರಿಗೂ ಪರಿಚಿತ. ಮಗುವಿಗೆ ಕೆಮ್ಮು ಬಂದರೆ ಅಜ್ಜಿಯನ್ನು ಕೇಳುವ ಮೊದಲು ಗೂಗಲ್ ಕೇಳುವವರು. ತಮ್ಮ ತಾಯಿ ಮನೆಯಲ್ಲೇ ಮೊಳಕೆ ಕಟ್ಟಿ ಮಾಡುತ್ತಿದ್ದ ರಾಗಿ ಹಿಟ್ಟನ್ನು ಚೆಂದದ ಡಬ್ಬಿಯಲ್ಲಿ ಆನ್‌ಲೈನಲ್ಲಿ ತರಿಸುವವರು. ಟಿವಿ ನೋಡಿ ನೋಡಿಯೇ ದೊಡ್ಡವರಾಗಿ, ಮಗುವಿನ ಕೈಗೆ ಫೋನ್ ಕೊಟ್ಟ ಹತ್ತು ನಿಮಿಷಕ್ಕೆ ಹತ್ತು ದಿನ ಕೊರಗುವವರು. ಇದನ್ನು ಬೇರೆಯವರು ಹೇಳಿ ಅವರನ್ನು ಗೇಲಿ ಮಾಡುತ್ತಿಲ್ಲ, ಅವರೇ ಹೇಳಿಕೊಂಡು ನಗುತ್ತಾರೆ. ರೀಲ್ಸಿನಲ್ಲಿ ಒಂದು ಮಾದರಿ ಎಷ್ಟು ಸಲ ಬಂದರೂ ಹಳತಾಗುವುದಿಲ್ಲ. ಹೆಗಲಿಗೆ ಟವೆಲ್ ಹಾಕಿಕೊಂಡರೆ ಆಕೆ ತನ್ನ ಅಮ್ಮ: ಕೈಯಲ್ಲಿ ಸೌಟು, ಬಾಯಲ್ಲಿ ‘ಅಪ್ಪ ಬರ್ಲಿ ಇರು’. ಟವೆಲ್ ತೆಗೆದರೆ ಈ ಕಾಲದ ಅಮ್ಮ: ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ‘ನಿಂಗೆ ಬೇಜಾರಾಗಿದೆ ಅಲ್ವಾ ಪುಟ್ಟಾ’. ಮೂರನೇ ಸಲ ಹೇಳಿದರೂ ಮಗು ಕೇಳದಿದ್ದಾಗ, ಟವೆಲ್ ಇಲ್ಲದೆಯೇ ಅಮ್ಮನ ದನಿ ಹೊರಗೆ ಬೀಳುತ್ತದೆ. ನಗದೆ ಇರಲಾಗುವುದಿಲ್ಲ. ತಲೆಮಾರುಗಳ ಬಗ್ಗೆ ನಾವು ಪ್ರಬಂಧಗಳಲ್ಲಿ ಎಳೆದಾಡಿ ಹೇಳುವುದನ್ನು ಒಂದು ಟವೆಲ್ ಮೂವತ್ತು ಸೆಕೆಂಡಿನಲ್ಲಿ ಹೇಳುತ್ತದೆ.

ನನ್ನ ಪ್ರಶ್ನೆ ಆ ನಗುವಿನ ಬಗ್ಗೆ. ತನ್ನ ತಲೆಮಾರಿನ ಅಚ್ಚನ್ನು ತಾನೇ ಖುಷಿಯಿಂದ ತೊಟ್ಟುಕೊಳ್ಳುವ ತಂದೆತಾಯಿಗೆ ಇದರಿಂದ ಸಿಗುವುದೇನು? ಅವರು ಯಾರ ಜಾಗದಲ್ಲಿ ಕೂತು ನಗುತ್ತಿದ್ದಾರೆ?

ಮೊದಲು ಅಚ್ಚಿನ ಮೂಲ ನೋಡಬೇಕು. ‘ಮಿಲೇನಿಯಲ್’ ಎಂಬ ಹೆಸರು ಚಾಲ್ತಿಗೆ ಬಂದದ್ದು ವಿಲಿಯಂ ಸ್ಟ್ರಾಸ್ ಮತ್ತು ನೀಲ್ ಹೋವ್ ಎಂಬ ಇಬ್ಬರು ಅಮೆರಿಕನ್ನರು 1991ರಲ್ಲಿ ಪ್ರಕಟಿಸಿದ ‘ಜನರೇಷನ್ಸ್’ ಪುಸ್ತಕದಿಂದ. ಅಮೆರಿಕದ ಇತಿಹಾಸವೆಲ್ಲ ತಲೆಮಾರುಗಳ ಒಂದು ಚಕ್ರ ಎನ್ನುವುದು ಅವರ ವಾದ. ಅದೇ ವರ್ಷ ಡಗ್ಲಸ್ ಕೂಪ್ಲೆಂಡ್ ಅವರ ‘ಜನರೇಷನ್ ಎಕ್ಸ್’ ಕಾದಂಬರಿಯೂ ಬಂತು. ಅಲ್ಲಿಂದಾಚೆ ಈ ಪದಗಳು ಜಾಹೀರಾತು ಕಂಪನಿಗಳ, ಆಮೇಲೆ ಮಾನವ ಸಂಪನ್ಮೂಲ ವಿಭಾಗಗಳ ಸೊತ್ತಾದವು. ಪ್ಯೂ ರಿಸರ್ಚ್ ಸೆಂಟರ್ 1981ರಿಂದ 1996ರವರೆಗೆ ಹುಟ್ಟಿದವರು ಮಿಲೇನಿಯಲ್‌ಗಳು ಎಂದು ಗೆರೆ ಎಳೆಯಿತು. (ನಾನು ಹುಟ್ಟಿದ್ದು 1997ರಲ್ಲಿ. ಹಾಗಾಗಿ ನನ್ನ ಅಕ್ಕ ಒಂದು ತಲೆಮಾರು, ನಾನು ಇನ್ನೊಂದು. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದದ್ದು ಲೆಕ್ಕಕ್ಕಿಲ್ಲ.) 2023ರಲ್ಲಿ ಅದೇ ಸಂಸ್ಥೆ, ಇಂಥ ಹಣೆಪಟ್ಟಿಗಳನ್ನು ಇನ್ನು ಮುಂದೆ ಎಚ್ಚರಿಕೆಯಿಂದ ಬಳಸುತ್ತೇವೆ ಎಂದು ಹೇಳಿತು. ಅಷ್ಟರಲ್ಲಿ ಹಣೆಪಟ್ಟಿ ಜಗತ್ತನ್ನೆಲ್ಲ ಸುತ್ತಿ ಬಂದಾಗಿತ್ತು.

ನಮ್ಮಲ್ಲಿಗೆ ಬಂದಾಗ ಅದು ಎಷ್ಟು ಸಡಿಲವಾಗಿ ಕೂರುತ್ತದೆ ಎಂಬುದಕ್ಕೆ ‘ಬೂಮರ್’ ಪದವೇ ಸಾಕ್ಷಿ. ಎರಡನೇ ಮಹಾಯುದ್ಧ ಮುಗಿದು, ಸೈನಿಕರು ಮನೆಗೆ ಮರಳಿ, ಅಮೆರಿಕ ಸಮೃದ್ಧವಾಗುತ್ತಿದ್ದ ಹೊತ್ತಲ್ಲಿ, 1946ರಿಂದ 1964ರ ನಡುವೆ ಹುಟ್ಟಿದವರು ಬೂಮರ್‌ಗಳು. ಅದೇ ವರ್ಷಗಳಲ್ಲಿ ನಮ್ಮಲ್ಲಿ ದೇಶ ಒಡೆಯಿತು, ಸ್ವತಂತ್ರವಾಯಿತು, 1956ರಲ್ಲಿ ಕನ್ನಡದ ನಾಡು ಒಂದಾಯಿತು. ಅಮೆರಿಕದ ಬೂಮರ್ ಕಾರು ಕಲಿಯುವ ಹೊತ್ತಿಗೆ ಇಲ್ಲಿಯ ‘ಬೂಮರ್’ ಅದೇ ಅಮೆರಿಕದಿಂದ ಬಂದ ಗೋಧಿಗೆ ರೇಷನ್ ಅಂಗಡಿ ಮುಂದೆ ಚೀಲ ಹಿಡಿದು ನಿಂತಿದ್ದ. ಇವರಿಬ್ಬರನ್ನೂ ‘ಓಕೆ ಬೂಮರ್’ ಎಂಬ ಒಂದೇ ಮಾತಲ್ಲಿ ಬಾಯಿ ಮುಚ್ಚಿಸುವುದು ತಮಾಷೆಯೇ. ನಮ್ಮ ನೈಂಟೀಸ್ ಕಿಡ್ಸಿಗೆ ಬೂಮರ್ ಅಂದರೆ ಮೊದಲು ನೆನಪಾಗುವುದು ಬಬಲ್ ಗಮ್ ಎಂಬುದು ಹೆಚ್ಚು ಸತ್ಯವಾದ ಸಂಗತಿ.

ಬುಡಾಪೆಸ್ಟಿನಲ್ಲಿ ಹುಟ್ಟಿ ಜರ್ಮನ್ನಿನಲ್ಲಿ ಬರೆದ ಕಾರ್ಲ್ ಮ್ಯಾನ್‌ಹೈಮ್ ತಲೆಮಾರುಗಳ ಸಮಸ್ಯೆಯ ಕುರಿತ ತನ್ನ 1928ರ ಪ್ರಬಂಧದಲ್ಲೇ ಈ ಗೊಂದಲವನ್ನು ಬಿಡಿಸಿದ್ದ. ಒಂದೇ ವರ್ಷ ಹುಟ್ಟಿದ ಮಾತ್ರಕ್ಕೆ ಜನ ಒಂದು ತಲೆಮಾರಾಗುವುದಿಲ್ಲ, ಒಂದೇ ಚಾರಿತ್ರಿಕ ಆಗುಹೋಗಿನಲ್ಲಿ ಪಾಲುಗೊಂಡಾಗ ಮಾತ್ರ ಆಗುತ್ತಾರೆ. 1800ರ ಸುಮಾರಿನ ಜರ್ಮನಿಯ ಯುವಕರನ್ನೂ ಚೀನಾದ ಯುವಕರನ್ನೂ ಯಾರು ತಾನೇ ಒಂದು ತಲೆಮಾರು ಎನ್ನುತ್ತಾರೆ ಎಂದು ಅವನು ಕೇಳುತ್ತಾನೆ. ಹಾಗೆ ಪಾಲುಗೊಂಡವರಲ್ಲೂ ಆ ಆಗುಹೋಗನ್ನು ತದ್ವಿರುದ್ಧವಾಗಿ ಅರ್ಥ ಮಾಡಿಕೊಳ್ಳುವ ಗುಂಪುಗಳಿರುತ್ತವೆ ಎನ್ನುತ್ತಾನೆ. ಈ ಪ್ರಶ್ನೆಯನ್ನು ಚೀನಾದವರೆಗೆ ಒಯ್ಯುವುದೇ ಬೇಡ. 1990ರಲ್ಲಿ ಮೈಸೂರಿನ ಬಡಾವಣೆಯೊಂದರಲ್ಲಿ ಹುಟ್ಟಿ, ಸಿಇಟಿ ಬರೆದು, ಬೆಂಗಳೂರಿನ ಐಟಿ ಕಂಪನಿ ಸೇರಿದವನಿದ್ದಾನೆ. ಅದೇ ವರ್ಷ ಯಾದಗಿರಿ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಅದೇ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದು, ಕಟ್ಟುತ್ತಿರುವ ಮನೆಯ ಮುಂದೆ ಮರಳಿನ ಗುಡ್ಡೆಯ ಮೇಲೆ ಮಗುವನ್ನು ಆಡಲು ಬಿಟ್ಟವಳಿದ್ದಾಳೆ. ಇಬ್ಬರೂ ಮಿಲೇನಿಯಲ್ ಪೋಷಕರೇ. ಅವನ ಮಗನ ಶಾಲೆಯ ಜಾಹೀರಾತಿನಲ್ಲಿ ಮರಳಿನ ಆಟ ‘ಸೆನ್ಸರಿ ಪ್ಲೇ’. ಇವಳ ಮಗುವಿನ ಮರಳಿಗೆ ಹೆಸರಿಲ್ಲ.

ಅಂದರೆ ‘ನಾವು ನೈಂಟೀಸ್ ಕಿಡ್ಸ್ ಹೀಗೇನೇ’ ಎಂಬ ಮಾತಿನಲ್ಲಿರುವ ‘ನಾವು’ ಬಹಳ ಸಣ್ಣದು. ಸಂಬಳ, ಜಾತಿ, ಊರು, ಇಂಗ್ಲಿಷ್ ಇವೆಲ್ಲ ಸೇರಿ ಆಗಿರುವ ಒಂದು ಬದುಕನ್ನು ಅದು ಹುಟ್ಟಿದ ಇಸವಿಯ ಲೆಕ್ಕಕ್ಕೆ ಬರೆಯುತ್ತದೆ. ಜಾತಿಯನ್ನು ಕೇಳಲು ಮುಜುಗರಪಡುವ ನಾವು ಇಸವಿಯನ್ನು ಧೈರ್ಯವಾಗಿ ಕೇಳುತ್ತೇವೆ. ಟಿವಿ ಇದ್ದ ಮನೆಯ ಒಳಗೆ ಕೂತು ಶಕ್ತಿಮಾನ್ ನೋಡಿದವರಿದ್ದರು, ಕಿಟಕಿಯ ಹೊರಗೆ ನಿಂತು ನೋಡಿದವರಿದ್ದರು. ನೆನಪಿನ ಮೀಮಿನಲ್ಲಿ ಕಿಟಕಿ ಮಾಯವಾಗಿದೆ.

ಇಷ್ಟು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮ ವಿಭಾಗಗಳ ಸೆಮಿನಾರುಗಳಲ್ಲಿ ಸಾಮಾನ್ಯವಾಗಿ ಹಾಗೆಯೇ ಮಾಡುತ್ತೇವೆ: ಇದು ಮಧ್ಯಮವರ್ಗದ ಕಥನ ಎಂದು ಘೋಷಿಸಿ ಊಟಕ್ಕೆ ಹೋಗುತ್ತೇವೆ. ಆದರೆ ಮಧ್ಯಮವರ್ಗದ ತಾಯಿಗೂ ರಾತ್ರಿ ಎರಡು ಗಂಟೆಗೆ ಮಗು ಅಳುತ್ತದೆ. ಆ ಹೊತ್ತಿನಲ್ಲಿ ಈ ಅಚ್ಚು ಅವಳಿಗೆ ಏನೋ ಒಂದು ಕೊಡುತ್ತಿದೆ. ಅದನ್ನೂ ನ್ಯಾಯವಾಗಿ ನೋಡಬೇಕು.

‘ಸ್ಟೀರಿಯೋಟೈಪ್’ ಎಂಬುದು ಮೂಲದಲ್ಲಿ ಮುದ್ರಣಾಲಯದ ಮಾತು. ಮೊಳೆ ಜೋಡಿಸಿದ ಪುಟದ ಅಚ್ಚು ತೆಗೆದು, ಅದರಿಂದ ಒಂದೇ ತಗಡನ್ನು ಎರಕ ಹೊಯ್ದು, ಬೇಕಾದಷ್ಟು ಪ್ರತಿ ಹೊಡೆಯುವ ವಿಧಾನ. ಅದನ್ನು ಮನುಷ್ಯರ ಬಗೆಗಿನ ಸಿದ್ಧ ಕಲ್ಪನೆ ಎಂಬ ಅರ್ಥಕ್ಕೆ ತಿರುಗಿಸಿದವರು ಪತ್ರಕರ್ತ ವಾಲ್ಟರ್ ಲಿಪ್‌ಮನ್, 1922ರಲ್ಲಿ. ಕನ್ನಡದ ‘ಪಡಿಯಚ್ಚು’ ಆ ಮುದ್ರಣದ ನೆನಪನ್ನು ಉಳಿಸಿಕೊಂಡಿದೆ. ತಗಡಿನಿಂದ ಬಂದ ಪ್ರತಿಯಲ್ಲಿ ಹೊಸತೇನೂ ಇರುವುದಿಲ್ಲ ನಿಜ. ಆದರೆ ಪ್ರತಿಯಾಗುವುದರಲ್ಲಿ ಒಂದು ಸಮಾಧಾನವೂ ಇದೆ: ನಾನೊಬ್ಬಳೇ ಹೀಗಲ್ಲ.

ಈ ಸಮಾಧಾನವನ್ನು ಅತ್ಯಂತ ಚೆನ್ನಾಗಿ ಬಲ್ಲ ಕೃತಿ ಎಂದರೆ, ನನ್ನ ಮಟ್ಟಿಗೆ, ‘ಬ್ಲೂಯಿ’ ಎಂಬ ಆಸ್ಟ್ರೇಲಿಯಾದ ಕಾರ್ಟೂನು. ಜೋ ಬ್ರಮ್ ಸೃಷ್ಟಿಸಿದ, 2018ರಲ್ಲಿ ಶುರುವಾದ, ಕಂತಿಗೆ ಸುಮಾರು ಏಳು ನಿಮಿಷದ ಈ ಕಾರ್ಟೂನಿನಲ್ಲಿ ಇರುವುದು ಬ್ರಿಸ್ಬೇನಿನ ಒಂದು ನಾಯಿ ಕುಟುಂಬ. ಅಪ್ಪ ಬ್ಯಾಂಡಿಟ್, ಅಮ್ಮ ಚಿಲ್ಲಿ, ಹೆಣ್ಣುಮಕ್ಕಳು ಬ್ಲೂಯಿ ಮತ್ತು ಬಿಂಗೊ. ಮಕ್ಕಳಿಗೆಂದು ಹಚ್ಚಿ, ದೊಡ್ಡವರು ಕಣ್ಣೊರೆಸಿಕೊಂಡು ನೋಡುವುದು ಇದರ ಖ್ಯಾತಿ. ‘ಬೇಬಿ ರೇಸ್’ ಎಂಬ ಕಂತಿನಲ್ಲಿ ಚಿಲ್ಲಿ ತನ್ನ ಮೊದಲ ಮಗುವಿನ ಕಾಲದ ಕತೆ ಹೇಳುತ್ತಾಳೆ. ತಾಯಂದಿರ ಗುಂಪಿನಲ್ಲಿ ಪಕ್ಕದ ಮನೆಯ ಮಗು ಮೊದಲು ಮಗುಚಿಕೊಳ್ಳುತ್ತದೆ. ಚಿಲ್ಲಿಗೆ ಕಸಿವಿಸಿ. ತನ್ನ ಮಗು ಅಂಬೆಗಾಲಿಡುವುದೂ ಉಳಿದವರಂತಿಲ್ಲ. ಪುಸ್ತಕ ಓದುತ್ತಾಳೆ, ಡಾಕ್ಟರ ಬಳಿ ಹೋಗುತ್ತಾಳೆ, ಕೊನೆಗೆ ಗುಂಪಿಗೆ ಹೋಗುವುದನ್ನೇ ಬಿಡುತ್ತಾಳೆ. ಮಾದರಿ ಮಿಲೇನಿಯಲ್ ತಾಯಿ. ಇದಕ್ಕಿಂತ ಅಚ್ಚುಕಟ್ಟಾದ ಪಡಿಯಚ್ಚು ಸಿಗದು. ಆಗ ಹಲವು ಮಕ್ಕಳನ್ನು ಹೆತ್ತ ಇನ್ನೊಬ್ಬ ತಾಯಿ ಮನೆಗೆ ಬಂದು, ತನಗೂ ಮೊದಲ ಸಲ ಹೀಗೇ ಆಗಿತ್ತೆಂಬ ಧಾಟಿಯಲ್ಲಿ ಮಾತಾಡಿ, ನೀನು ಚೆನ್ನಾಗಿಯೇ ನಿಭಾಯಿಸುತ್ತಿದ್ದೀ ಎಂಬ ಒಂದು ಮಾತು ಹೇಳಿ ಹೋಗುತ್ತಾಳೆ. ಅಷ್ಟೇ.

ಬಾಣಂತನದ ಮನೆಯಲ್ಲಿ ಎಣ್ಣೆ ಹಚ್ಚಲು ಬರುವ ಹೆಂಗಸು, ಓಣಿಯ ಅಜ್ಜಿ, ದೊಡ್ಡಮ್ಮ ಇವರೆಲ್ಲ ನಮ್ಮಲ್ಲಿ ಮಾಡುತ್ತಿದ್ದ ಕೆಲಸ ಇದು. ‘ಎಲ್ಲ ಮಕ್ಕಳೂ ಹಂಗೇ ಬಿಡವ್ವ’ ಎಂಬ ಮಾತಿನಷ್ಟು ದೊಡ್ಡ ಮದ್ದು ಇನ್ನೊಂದಿರಲಿಲ್ಲ. ಅವರೇ ‘ಹಾಲು ಸಾಲ್ತಿಲ್ಲ ಇವಳಿಗೆ’ ಎಂದು ಚುಚ್ಚಿದವರೂ ಹೌದು, ಆ ಕಾಲವನ್ನು ಹೊಗಳಲು ನಾನು ಹೊರಟಿಲ್ಲ. ಮೂರನೇ ಮಹಡಿಯ ಫ್ಲಾಟಿನಲ್ಲಿ ಒಂಟಿಯಾಗಿರುವ ತಾಯಿಗೆ ಆ ಮಾತು ಹೇಳಲು ಈಗ ಯಾರೂ ಬರುವುದಿಲ್ಲ. ರೀಲ್ಸಿನ ಅಚ್ಚು ಆ ಖಾಲಿ ಜಾಗಕ್ಕೆ ಬಂದಿದೆ. ‘ನೀನೊಬ್ಬಳೇ ಅಲ್ಲ, ನಿನ್ನ ತಲೆಮಾರೇ ಹೀಗೆ’ ಎಂದು ಅದು ಹೇಳುತ್ತದೆ. ತಾನೊಬ್ಬಳು ಸೋತ ತಾಯಿ ಎಂಬ ಭಾವಕ್ಕಿಂತ ತಾನೊಂದು ಮಾದರಿಯ ತಾಯಿ ಎಂಬ ಭಾವ ಹಗುರ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಯಕ್ಷಗಾನದ ವೇಷಕ್ಕೂ ಈ ಗುಣವಿದೆ. ಬಣ್ಣದ ವೇಷ ರಂಗಕ್ಕೆ ಬಂದ ಕೂಡಲೇ ಇವನು ಯಾವ ಬಗೆಯವನೆಂದು ಪ್ರೇಕ್ಷಕರಿಗೆ ಗೊತ್ತಾಗುತ್ತದೆ. ಆದರೂ ಕಲಾವಿದ ಅರ್ಥ ಹೇಳುವಾಗ ತನ್ನದೊಂದನ್ನು ಸೇರಿಸುತ್ತಾನೆ. ಅದಕ್ಕೇ ಜನ ರಾತ್ರಿಯಿಡೀ ಕೂರುತ್ತಾರೆ. ಬೆಳಗಿನ ಜಾವ ಚೌಕಿಯಲ್ಲಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾನೆ. ರೀಲ್ಸಿನ ಟವೆಲ್ ಈ ಜಾತಿಯ ವೇಷ ಎಂದಾದರೆ ನನಗೆ ತಕರಾರಿಲ್ಲ. ತಕರಾರು ಬರುವುದು ವೇಷದ ಹೆಸರಿನಲ್ಲಿ. ಅಪ್ಪನ ವೇಷವೂ ಇದೆ, ಅಮ್ಮನ ವೇಷವೂ ಇದೆ. ನಾವು ಆರಿಸಿಕೊಂಡದ್ದು ‘ಕಿಡ್’ ವೇಷವನ್ನು.

ಇದು ಮೊಬೈಲಿನಿಂದ ಬಂದ ಚಾಳಿಯಲ್ಲ. ಆಧುನಿಕ ಕನ್ನಡ ಸಾಹಿತ್ಯ, ಅದರಲ್ಲೂ ನವ್ಯ, ತಲೆಮಾರುಗಳ ಕತೆಯನ್ನು ಬಹುಪಾಲು ಮಗನ ಜಾಗದಲ್ಲಿ ಕೂತೇ ಹೇಳಿದೆ. ‘ಸಂಸ್ಕಾರ’ದ ಪ್ರಾಣೇಶಾಚಾರ್ಯನಿಗೆ ಮಕ್ಕಳಿಲ್ಲ. ‘ಭಾರತೀಪುರ’ದ ಜಗನ್ನಾಥ ಅವಿವಾಹಿತ. ಚಿತ್ತಾಲರ ‘ಶಿಕಾರಿ’ಯ ನಾಗಪ್ಪ ಮುಂಬೈಯ ದೊಡ್ಡ ಹುದ್ದೆಯಲ್ಲಿದ್ದೂ ಒಂಟಿ. ‘ಘಟಶ್ರಾದ್ಧ’ವನ್ನು ಹೇಳುವವನು ಹುಡುಗ. ಇವು ಆಕಸ್ಮಿಕಗಳಲ್ಲ. ಪರಂಪರೆಯ ಜೊತೆ ಜಗಳ ಆಡುವವನಿಗೆ ಮಗ ಇದ್ದರೆ ತೊಡಕು: ಆ ಮಗನಿಗೆ ಇವನೇ ಪರಂಪರೆ. ಜನಿವಾರ ಕಿತ್ತೆಸೆಯುವವನು, ದೇವರ ಸಾಲಿಗ್ರಾಮವನ್ನು ಅಂಗಳಕ್ಕೆ ತರುವವನು, ಮನೆಗೆ ಹಿಂತಿರುಗಿ ಮಗುವಿಗೆ ಹೋಮ್‌ವರ್ಕ್ ಮಾಡಿಸಬೇಕಾಗಿ ಬಂದರೆ ಕಾದಂಬರಿಯ ತೂಕ ಬದಲಾಗುತ್ತದೆ. ಹಾಗಾಗಿ ನವ್ಯದ ನಾಯಕ ನಲವತ್ತರ ಹತ್ತಿರ ಬಂದರೂ ಯಾರದೋ ಮಗನಾಗಿಯೇ ಉಳಿಯುತ್ತಾನೆ. ಆ ಸಾಹಿತ್ಯದ ದೊಡ್ಡತನವನ್ನು ಇದು ಕಡಿಮೆ ಮಾಡುವುದಿಲ್ಲ. ಅದು ಏನನ್ನು ನೋಡಬಲ್ಲದು, ಏನನ್ನು ನೋಡಲಾರದು ಎಂಬುದನ್ನು ಮಾತ್ರ ತೋರಿಸುತ್ತದೆ. ಅನಂತಮೂರ್ತಿಯವರ ‘ಸೂರ್ಯನ ಕುದುರೆ’ ಇಲ್ಲಿ ವಿಶೇಷವಾದ ಕತೆಯಾಗುವುದು ಈ ಕಾರಣಕ್ಕೂ ಹೌದು. ಅಲ್ಲಿಯ ವೆಂಕಟ ಲೋಕದ ಕಣ್ಣಲ್ಲಿ ಯಾವುದಕ್ಕೂ ಬಾರದವನು, ಆದರೆ ಒಬ್ಬ ಅಪ್ಪ. ಊರಿಗೆ ಮರಳಿದ ವಿದ್ಯಾವಂತ ನಿರೂಪಕ ಅವನ ಕೈಯಿಂದ ಎಣ್ಣೆಸ್ನಾನ ಮಾಡಿಸಿಕೊಳ್ಳುವಾಗ, ನವ್ಯದ ಮಗ ಒಬ್ಬ ಅಪ್ಪನ ಅಂಗೈಯನ್ನು ತನ್ನ ನೆತ್ತಿಯ ಮೇಲೆ ಹೊತ್ತಿರುತ್ತಾನೆ.

‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ನಮ್ಮ ಗಾದೆಯನ್ನು ಇದರ ಪಕ್ಕ ಇಟ್ಟು ನೋಡಿ. ಇದೂ ತಲೆಮಾರಿನ ಸಿದ್ಧಮಾದರಿಯೇ, ಸಾಕಷ್ಟು ಕ್ರೂರವೂ ಹೌದು. ಆದರೆ ಇದರಲ್ಲಿ ಕಾಲ ಎಂಬುದು ಹುಟ್ಟಿದ ಇಸವಿಯಲ್ಲ, ಕೂತ ಜಾಗ. ಇವತ್ತಿನ ಸೊಸೆ ನಾಳೆ ಅತ್ತೆಯಾಗುತ್ತಾಳೆ. ಅತ್ತೆಯಾದ ಮೇಲೆ ‘ನಾನು ಸೊಸೆ ತಲೆಮಾರಿನವಳು’ ಎಂದು ಹೇಳಿಕೊಳ್ಳಲು ಗಾದೆ ಬಿಡುವುದಿಲ್ಲ. ಮಿಲೇನಿಯಲ್ ಎಂಬ ಹಣೆಪಟ್ಟಿಯಲ್ಲಿ ಈ ಸರತಿಯೇ ಇಲ್ಲ. ಎಂಬತ್ತು ವರ್ಷವಾದರೂ ಅವನು ಮಿಲೇನಿಯಲ್ಲೇ, ಅವಳು ನೈಂಟೀಸ್ ಕಿಡ್ಡೇ.

ಈ ಹಣೆಪಟ್ಟಿ ಹಚ್ಚದೆಯೇ ಆ ವಯಸ್ಸಿನವನ ಒಳಗನ್ನು ತೆರೆದು ತೋರಿಸಿದ ಕೃತಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಬಂದ ಈ ಕಿರುಕಾದಂಬರಿಯ ನಿರೂಪಕನಿಗೆ ಹೆಸರಿಲ್ಲ. ಚಿಕ್ಕಪ್ಪ ಕಟ್ಟಿದ ಸೋನಾ ಮಸಾಲಾ ಕಂಪನಿಯಲ್ಲಿ ಅವನಿಗೊಂದು ಹುದ್ದೆಯಿದೆ, ಕೆಲಸವಿಲ್ಲ. ಕಾಫಿಹೌಸಿಗೆ ಬಂದು ಕೂರುತ್ತಾನೆ. ಮದುವೆಯಾಗಿದೆ, ಆದರೂ ಮನೆಯಲ್ಲಿ ಅವನು ಮಗ, ಮಗ ಮಾತ್ರ. ಇರುವೆಗಳ ಜೊತೆ ಅಮ್ಮ ನಡೆಸುತ್ತಿದ್ದ ಯುದ್ಧ, ಸಣ್ಣ ಮನೆಯ ಇಕ್ಕಟ್ಟು, ಅಪ್ಪನ ಲೆಕ್ಕದ ಪುಸ್ತಕ ಇವೆಲ್ಲ ಅವನ ನೆನಪಿನಲ್ಲಿ ಬೆಚ್ಚಗಿವೆ. ಮೇಲ್ನೋಟಕ್ಕೆ ಇದು ನೈಂಟೀಸ್ ಕಿಡ್ಸಿನ ನೆನಪಿನ ಮೀಮುಗಳ ಸರಕೇ. ಬಡತನವಿತ್ತು, ಒಗ್ಗಟ್ಟಿತ್ತು, ಚೆಂದವಿತ್ತು. ಶಾನಭಾಗರ ನಿರ್ದಯತೆ ಇರುವುದು ಆ ಬೆಚ್ಚಗಿನ ನೆನಪೇ ಇವತ್ತಿನ ಹೇಡಿತನಕ್ಕೆ ಹೊದಿಕೆಯಾಗುವುದನ್ನು ತೋರಿಸುವುದರಲ್ಲಿ. ‘ನಾವೆಲ್ಲ ಒಟ್ಟಿಗೆ ಕಷ್ಟಪಟ್ಟವರು’ ಎಂಬ ಕತೆ, ಹೊರಗಿನಿಂದ ಬಂದ ಹೆಂಡತಿ ಅನಿತಾಳ ಪ್ರಶ್ನೆಗಳಿಗೆ ಬಾಗಿಲು ಮುಚ್ಚುವ ಸಾಧನವಾಗುತ್ತದೆ. ಮಗನಾಗಿಯೇ ಉಳಿದವನಿಗೆ ಯಾವುದರ ಹೊಣೆಯೂ ಇಲ್ಲ. ಅದೇ ಅವನ ಸುಖ, ಓದುತ್ತ ಹೋದಂತೆ ನಮಗೆ ತಿಳಿಯುವ ಭಯವೂ ಅದೇ. ಮನೆಯನ್ನು ಬದಲಾಯಿಸಿದ್ದು ದುಡ್ಡು, ಇಸವಿಯಲ್ಲ ಎಂಬುದರ ಬಗ್ಗೆ ಶಾನಭಾಗರಿಗೆ ಸಂಶಯವೇ ಇಲ್ಲ. ಕಾರಂತರಿಗೂ ಇರಲಿಲ್ಲ: ‘ಮರಳಿ ಮಣ್ಣಿಗೆ’ಯಲ್ಲಿ ರಾಮ ಐತಾಳರಿಗೂ ಅವರ ಮಗ ಲಚ್ಚನಿಗೂ ನಡುವೆ ಬಿರುಕು ತಂದದ್ದು ಪೇಟೆ ಮತ್ತು ಇಂಗ್ಲಿಷ್ ಓದು.

ಸಿನಿಮಾಕ್ಕೆ ಬಂದರೆ ಮಗನ ಜಾಗ ಇನ್ನೂ ಢಾಳಾಗಿ ಕಾಣುತ್ತದೆ, ಬೇರೆ ಬೇರೆ ನಾಡುಗಳಲ್ಲಿ ಬೇರೆ ಬೇರೆ ರೀತಿಯಲ್ಲಿ. ಡೋಮಿ ಶಿ ನಿರ್ದೇಶಿಸಿದ ‘ಟರ್ನಿಂಗ್ ರೆಡ್’ 2022ರಲ್ಲಿ ಬಂತು. ಕತೆ ನಡೆಯುವುದು 2002ರ ಟೊರಾಂಟೊದಲ್ಲಿ, ಹದಿಮೂರರ ಮೇ ಎಂಬ ಹುಡುಗಿಗೂ ಅವಳನ್ನು ಬಿಗಿಯಾಗಿ ಹಿಡಿದ ತಾಯಿಗೂ ನಡುವೆ. ಅಂದಿನ ಹದಿಮೂರರವರು ಚಿತ್ರ ಬಂದಾಗ ಮೂವತ್ತು ದಾಟಿದ್ದರು. ನೋಡಲು ಮಕ್ಕಳನ್ನು ಕರೆದುಕೊಂಡು ಬಂದ ಎಷ್ಟೋ ಅಪ್ಪ-ಅಮ್ಮಂದಿರು ಅದೇ ವಯಸ್ಸಿನವರು. ಚಿತ್ರದ ಕೊನೆಯ ಭಾಗದಲ್ಲಿ ಮೇ ಒಂದು ಬಿದಿರು ಕಾಡಿನಲ್ಲಿ ತನ್ನ ತಾಯಿಯನ್ನು ಕಾಣುತ್ತಾಳೆ, ಆದರೆ ತಾಯಿಯಾಗಿ ಅಲ್ಲ, ಅಳುತ್ತ ನಿಂತ ಎಳೆಯ ಹುಡುಗಿಯಾಗಿ. ಮಗಳು ಅವಳ ಕೈಹಿಡಿದು ನಡೆಸುತ್ತಾಳೆ. ಮನಸ್ಸು ಕರಗುವ ದೃಶ್ಯ. ಆದರೆ ಗಮನಿಸಿ: ತಾಯಿಗೆ ಕ್ಷಮೆ ಸಿಗುವುದು ಅವಳೂ ಒಬ್ಬ ‘ಕಿಡ್’ ಆದ ಮೇಲೆ. ತಾಯಿಯಾಗಿರುವಾಗಲೇ ಅವಳನ್ನು ಅರ್ಥ ಮಾಡಿಕೊಳ್ಳುವ ದಾರಿ ಚಿತ್ರಕ್ಕೆ ಹೊಳೆದಿಲ್ಲ.

ಕನ್ನಡದಲ್ಲಿ ಕ್ಷಮೆಯ ದಿಕ್ಕು ತಿರುಗುಮುರುಗು. ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದಲ್ಲಿ ಮುಂಬೈಯಲ್ಲಿ ಕೆಲಸ ಮಾಡುವ ಮಗ ಶಿವ, ಮರೆವಿನ ಕಾಯಿಲೆಯ ಅಪ್ಪ ವೆಂಕೋಬ ರಾವ್ ಅವರನ್ನು ತನ್ನ ಉದಾಸೀನದಿಂದ ಕಳೆದುಕೊಳ್ಳುತ್ತಾನೆ. ಇಲ್ಲಿ ಅಪ್ಪ-ಅಮ್ಮ ಮಕ್ಕಳ ಕ್ಷಮೆ ಕೇಳುವುದಿಲ್ಲ, ಮಗನೇ ಪಶ್ಚಾತ್ತಾಪ ಪಡಬೇಕು. ಆದರೆ ಈ ಚಿತ್ರದ ಶೀರ್ಷಿಕೆಯಷ್ಟು ಒಳ್ಳೆಯ ವಿಮರ್ಶೆ ನಮ್ಮ ವಿಷಯದ ಬಗ್ಗೆ ಬೇರೊಂದಿಲ್ಲ. ಅದು ಕಾಣೆಯಾದವರ ಪ್ರಕಟಣೆಯ ಭಾಷೆ. ದೂರದರ್ಶನದಲ್ಲಿ ಅಂಥ ಪ್ರಕಟಣೆಗಳನ್ನು ನೋಡಿ ಬೆಳೆದವರು ನಾವೇ. ಗೋಧಿ ಬಣ್ಣ, ಸಾಧಾರಣ ಮೈಕಟ್ಟು: ನಾಡಿನ ಅರ್ಧದಷ್ಟು ಗಂಡಸರಿಗೆ ಹೊಂದುವ, ಆದ್ದರಿಂದ ಯಾರನ್ನೂ ಹುಡುಕಿಕೊಡಲಾರದ ಪಡಿಯಚ್ಚು. ಅಪ್ಪನನ್ನು ಕಳೆದುಕೊಂಡ ಮಗನ ಬಳಿ ಅವರನ್ನು ವರ್ಣಿಸಲು ಇದಕ್ಕಿಂತ ಹೆಚ್ಚಿನ ಮಾತಿಲ್ಲ. ಅವರ ಪ್ರೇಮ, ಅವರು ಕತೆ ಹೇಳುವ ಬಗೆ ಎಲ್ಲವನ್ನೂ ಅವನು ಇತರರ ಮೂಲಕ ತಿಳಿಯಬೇಕಾಗುತ್ತದೆ. ನಮ್ಮ ಹೆತ್ತವರನ್ನು ಟವೆಲ್ ಮತ್ತು ಸೌಟಿಗೆ ಇಳಿಸುವ ರೀಲ್ಸ್ ನೋಡುವಾಗ ನನಗೆ ಈ ಶೀರ್ಷಿಕೆ ನೆನಪಾಗುತ್ತದೆ. ಅಲ್ಲಿ ಒಬ್ಬ ಅಮ್ಮ ಇದ್ದಾಳೆ, ಯಾರ ಅಮ್ಮನೂ ಇಲ್ಲ.

ಇನ್ನೊಂದು ಪ್ರಶ್ನೆಯನ್ನು ಎತ್ತದೆ ಈ ಚರ್ಚೆ ಮುಗಿಯದು. ಅಚ್ಚನ್ನು ತಾನಾಗಿ ತೊಟ್ಟುಕೊಳ್ಳುವ ಸ್ವಾತಂತ್ರ್ಯ ಯಾರಿಗಿದೆ? ‘ನಾನೊಬ್ಬ ಹುಚ್ಚು ಅಮ್ಮ’ ಎಂದು ಇವತ್ತಿನ ತಾಯಿ ರೀಲ್ಸಿನಲ್ಲಿ ನಗುತ್ತಾಳೆ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯನ್ನು ನೆನೆಯಿರಿ. ಹೆರಿಗೆಯ ನಂತರ ಅವಳ ಮನಸ್ಸಿಗೆ ಕಾಯಿಲೆ ಬರುತ್ತದೆ. ಚಿಕಿತ್ಸೆಯಾಗಿ ಗುಣವಾಗುತ್ತದೆ. ಆದರೆ ಮನೆಗೆ ಮರಳಿದವಳನ್ನು ಸಂಬಂಧಿಕರು, ನೆರೆಯವರು, ಕಡೆಗೆ ಗಂಡ ಕೂಡ ನೋಡುವುದು ‘ಹುಚ್ಚಿ’ ಎಂಬ ಅಚ್ಚಿನ ಮೂಲಕವೇ. ಅವಳು ನಕ್ಕರೂ ಲಕ್ಷಣ, ಅತ್ತರೂ ಲಕ್ಷಣ. ಪುಟ್ಟಣ್ಣ ಕಣಗಾಲ್ 1971ರಲ್ಲಿ ಇದನ್ನು ಸಿನಿಮಾ ಮಾಡಿದಾಗ ಕಲ್ಪನಾ ಆ ಪಾತ್ರವನ್ನು ಹೇಗೆ ಆವರಿಸಿಕೊಂಡರೆಂದರೆ, ನಮ್ಮ ವಿಮರ್ಶೆ ಕಾದಂಬರಿಯ ಶಾಂತವಾದ ಕ್ರೌರ್ಯವನ್ನು ಮರೆತೇಬಿಟ್ಟಿತು. ತ್ರಿವೇಣಿ ಮನಶ್ಶಾಸ್ತ್ರ ಓದಿದವರು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಇನ್ನೂ ಮೂವತ್ತೈದು ತುಂಬುವ ಮುನ್ನ ತೀರಿಕೊಂಡರು. ಕನ್ನಡದಲ್ಲಿ ತಾಯಿಯ ಜಾಗದಲ್ಲಿ ಕೂತು ಬರೆದವರ ಬಗ್ಗೆ ಮಾತಾಡುವಾಗ ನಾವು ಮೊದಲು ಹೋಗಬೇಕಾದದ್ದು ಅಲ್ಲಿಗೆ. ಹೋಗುವುದಿಲ್ಲ, ಅದನ್ನು ‘ಜನಪ್ರಿಯ’ ಎಂಬ ಇನ್ನೊಂದು ಅಚ್ಚಿಗೆ ಹಾಕಿ ಇಟ್ಟಿದ್ದೇವೆ.

ಕಾವೇರಿಯ ಪಕ್ಕದಲ್ಲಿಟ್ಟಾಗ ಇವತ್ತಿನ ನಗುವಿನ ಬೆಲೆ ಎರಡೂ ರೀತಿ ತಿಳಿಯುತ್ತದೆ. ತಾಯಿಯ ದಣಿವನ್ನು, ಮುಂಗೋಪವನ್ನು, ಬೇಡವೆನಿಸುವುದನ್ನು ಬಾಯಿಬಿಟ್ಟು ಹೇಳಿ ನಗಬಹುದು ಎಂಬುದು ಸಣ್ಣ ಗಳಿಕೆಯಲ್ಲ. ಕಾವೇರಿಗೆ ಆ ಅವಕಾಶ ಇದ್ದಿದ್ದರೆ ಎಂದು ಯೋಚಿಸಿದರೆ ಹೊಟ್ಟೆ ತೊಳಸುತ್ತದೆ. ಆದರೆ ಹಾಗೆ ಹೇಳಿಯೂ ಏನೂ ಕಳೆದುಕೊಳ್ಳದವರಷ್ಟೇ ಹೇಳಬಲ್ಲರು. ನೌಕರಿ ಇರುವವಳು ‘ನಾನು ಕೆಟ್ಟ ಅಮ್ಮ’ ಎಂದರೆ ಹಾಸ್ಯ. ವಿಚ್ಛೇದನದ ಅರ್ಜಿ ಕೋರ್ಟಿನಲ್ಲಿರುವವಳು ಅದೇ ಮಾತು ಹೇಳಿದರೆ ಎದುರು ವಕೀಲನಿಗೆ ಸಾಕ್ಷಿ. ಅಪ್ಪಂದಿರ ಅಚ್ಚಿನಲ್ಲಂತೂ ಲಾಭವೇ ಲಾಭ: ಡೈಪರ್ ಬದಲಾಯಿಸಿದ ವೀಡಿಯೊ ಒಂದಕ್ಕೆ ಬರುವ ಚಪ್ಪಾಳೆ ಯಾವ ತಾಯಿಗೂ ಯಾವ ಕಾಲದಲ್ಲೂ ಬಂದಿಲ್ಲ.

‘ಬ್ಲೂಯಿ’ಯ ಬ್ಯಾಂಡಿಟ್‌ಗೂ ಈ ಲಾಭದ ಪಾಲು ಸಲ್ಲಬೇಕು. ಗುಡ್ಡದ ಮೇಲಿನ ದೊಡ್ಡ ಮನೆ, ಹಿತ್ತಲು, ಮಕ್ಕಳ ಜೊತೆ ಆಡಲು ಮುಗಿಯದಷ್ಟು ಸಮಯ. ಆದರೂ ಅವನಲ್ಲಿ ನಮ್ಮ ನವ್ಯದ ಮಗನಲ್ಲಿ ಕಾಣದ ಒಂದು ಸಂಗತಿಯಿದೆ. ಅವನು ಮಕ್ಕಳ ಜೊತೆ ಮಗುವಾಗಿ ಆಡುವುದಿಲ್ಲ, ಅಪ್ಪನಾಗಿ ಆಡುತ್ತಾನೆ. ಆಟದಲ್ಲಿ ಅವನಿಗೆ ಸಿಗುವ ಪಾತ್ರಗಳು ಸಾಮಾನ್ಯವಾಗಿ ಏಟು ತಿನ್ನುವವನವು, ಬೀಳುವವನವು. ತನ್ನ ಬಾಲ್ಯವನ್ನು ಮಕ್ಕಳ ಬಾಲ್ಯದ ಮೇಲೆ ಹೇರಿ ‘ನಮ್ಮ ಕಾಲದಲ್ಲಿ’ ಎಂದು ಅವನು ಶುರುಮಾಡಿದಾಗಲೆಲ್ಲ ಕಂತು ಅವನ ಕಾಲೆಳೆಯುತ್ತದೆ. ಸೋಲುವ ಜಾಗಕ್ಕೆ ಒಪ್ಪಿಕೊಂಡು ಹೋಗುವುದನ್ನು ತಂದೆತನ ಎಂದು ಆ ಕಾರ್ಟೂನು ತಿಳಿದಿದೆ.

ದೇವನೂರ ಮಹಾದೇವರ ‘ಒಡಲಾಳ’ಕ್ಕೂ ಈ ಏಳು ನಿಮಿಷದ ಕಾರ್ಟೂನಿಗೂ ಹೋಲಿಕೆಯೇ ಅಸಭ್ಯ ಎನ್ನಿಸಬಹುದು. ಆದರೆ ಸಾಕವ್ವನ ಮನೆಯಲ್ಲಿ ಆ ರಾತ್ರಿ ನಡೆಯುವುದನ್ನು ತಲೆಮಾರಿನ ಕಣ್ಣಿಂದ ಓದಿ ನೋಡಿ. ಕದ್ದು ತಂದ ಕಡಲೆಕಾಯಿಯ ಮೂಟೆ ಒಲೆಯ ಮುಂದೆ ಬಿಚ್ಚಿಕೊಳ್ಳುತ್ತದೆ. ಹಗಲೆಲ್ಲ ಕಳೆದುಹೋದ ಹುಂಜಕ್ಕಾಗಿ ಊರನ್ನೇ ಶಪಿಸಿ ಬಂದ ಸಾಕವ್ವನಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲರೂ ಸುತ್ತ ಕೂರುತ್ತಾರೆ. ಸುಲಿಯುತ್ತಾರೆ, ತಿನ್ನುತ್ತಾರೆ, ಜಗಳ ಮರೆಯುತ್ತಾರೆ. ಸಿಪ್ಪೆಯನ್ನು ಒಲೆಗೆ ಹಾಕಿ ಸುಡುತ್ತಾರೆ. ಬೆಳಗಾದರೆ ಪೊಲೀಸರು ಬರುತ್ತಾರೆ. ಅಷ್ಟು ಹೊತ್ತು ಆ ಮನೆಯಲ್ಲಿ ‘ನಮ್ಮ ಕಾಲ’ವೂ ಇಲ್ಲ, ‘ನಿಮ್ಮ ಕಾಲ’ವೂ ಇಲ್ಲ. ಹಸಿವಿಗೆ ಇಸವಿ ಇರುವುದಿಲ್ಲವಾದ್ದರಿಂದ ಅಜ್ಜಿಯ ಬಾಯೂ ಮೊಮ್ಮಗುವಿನ ಬಾಯೂ ಒಂದೇ ವೇಗದಲ್ಲಿ ಆಡುತ್ತಿರುತ್ತವೆ. ಆದರೂ ಅಲ್ಲಿ ಯಾರು ಅಜ್ಜಿ, ಯಾರು ಮಗು ಎಂಬುದರಲ್ಲಿ ಗೊಂದಲವಿಲ್ಲ. ಮಾರನೆಯ ದಿನ ಪೊಲೀಸರು ಬಂದಾಗ ಮುಂದೆ ನಿಲ್ಲುವವಳು ಸಾಕವ್ವನೇ.